ಶ್ರೀಕಂಠಯ್ಯನವರ ಮೀನಿನ ಮದ್ದು

ಮೀನುಗಾರಿಕೆ ಇನ್ಸ್‌ಪೆಕ್ಟರ್ ಶ್ರೀಕಂಠಯ್ಯನವರು ಹುಟ್ಟಿದಾಗಿನಿಂದ ಮೀನು ತಿಂದವರಲ್ಲ. ಕೆರೆ ಏರಿ ಹತ್ತುವ ಮೊದಲು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಆದರೂ ಅರವತ್ತರ ದಶಕದ ಶಿಡ್ಲಘಟ್ಟದಲ್ಲಿ ಮೀನಿಗೆ ಅವರಷ್ಟು ಹತ್ತಿರದ ಬಂಧು ಇನ್ನೊಬ್ಬರಿರಲಿಲ್ಲ. "ನಮ್ಮ ಕಾಟ್ಲಾ ಹೆಂಗಿದ್ದಾವಪ್ಪ?" ಎಂದು ಬೆಸ್ತರನ್ನು ಕೇಳುವಾಗ, ಬಾಣಂತಿ ಮಗಳ ಆರೋಗ್ಯ ವಿಚಾರಿಸುವ ತಂದೆಯ ಹಾಗೆ ಅವರ ದನಿ ಇಳಿಯುತ್ತಿತ್ತು.

ನಾನು ಪಕ್ಕದ ಮನೆಯವನು, ತಾಲ್ಲೂಕು ಕಚೇರಿಯ ಗುಮಾಸ್ತ. ನನ್ನದು ಮೀನು ತಿನ್ನುವ ಜಾತಿ ಎನ್ನುವುದನ್ನು ಅವರು ದೊಡ್ಡ ಮನಸ್ಸು ಮಾಡಿ ಮರೆತಿದ್ದರು.

ಒಂದು ಚಳಿಗಾಲ ಸಾದಲಿ ಕೆರೆಯ ಮೀನುಗಳ ಮೈಮೇಲೆ ಕೆಂಪು ಹುಣ್ಣೆದ್ದವು. ಇಲಾಖೆ ಆಂಟಿಬಯೋಟಿಕ್ ಪುಡಿಯ ಬಾಟಲಿ ಕಳಿಸಿತು. ಶ್ರೀಕಂಠಯ್ಯನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹಿತ್ತಲಲ್ಲಿ ರುಬ್ಬಲು ಕೂತರು. "ನೆಗಡಿಗೇ ಈ ಔಷಧ ಸುರಿದ್ರೆ, ನಾಳೆ ದೊಡ್ಡ ಕಾಯಿಲೆ ಬಂದಾಗ ಏನು ಸುರೀತೀರಿ?" ಎನ್ನುವುದು ಅವರ ವಾದ. ನೀರಿಗೆ ಬೇವಿನ ಕಷಾಯ, ಹುಣ್ಣಿಗೆ ಅರಿಶಿನ ಬೆಳ್ಳುಳ್ಳಿಯ ಲೇಪ. ಅವರ ಹೆಂಡತಿ ಮಾತ್ರ ಗಂಡ ಸ್ನಾನ ಮಾಡದೆ ಒಳಗೆ ಬರಕೂಡದೆಂದು ಬಾಗಿಲಲ್ಲೇ ನಿಲ್ಲುತ್ತಿದ್ದರು. ಮೀನು ಮುಟ್ಟಿದ್ದಕ್ಕಲ್ಲ, ಬೆಳ್ಳುಳ್ಳಿ ಮುಟ್ಟಿದ್ದಕ್ಕೆ.

ಈ ಸುದ್ದಿ ಬೆಂಗಳೂರಿಗೆ ಹೋಗಿ, ದೊಡ್ಡ ಸಾಹೇಬರೇ ಹೊರಟು ಬಂದರು. ವಾಸಿಯಾದ ಮೀನು ತೋರಿಸದಿದ್ದರೆ ಮದ್ದೂ ಬಂದ್, ಶ್ರೀಕಂಠಯ್ಯನವರಿಗೆ ವರ್ಗಾವಣೆಯೂ ಖಂಡಿತ ಎಂದು ಮೊದಲೇ ತಿಳಿಸಿದ್ದರು. ಶ್ರೀಕಂಠಯ್ಯನವರು ಆರಿಸಿದ ಮೀನುಗಳನ್ನು ಪ್ರವಾಸಿ ಬಂಗಲೆಯ ಹಿಂದಿನ ತೊಟ್ಟಿಗೆ ತಂದು, ನೀರಿಗೆ ಬೇವು ಬೆರೆಸಿ, ಕೊನೆಯ ಸಲ ಲೇಪ ಹಚ್ಚಿ, ಸಾಹೇಬರನ್ನು ಎದುರುಗೊಳ್ಳಲು ಹೋದರು.

ಸಾಹೇಬರಿಗೆ ಮೊದಲು ಊಟವಾಗಬೇಕಿತ್ತು. ಪಂಕ್ತಿಯಲ್ಲಿ ನಾನೂ ಇದ್ದೆ. ಮೀನು ಬಹಳ ಚೆನ್ನಾಗಿತ್ತು. ಸಾಹೇಬರು ಕೈ ತೊಳೆದು ಸಾಕ್ಷಿ ಎಲ್ಲಿ ಎಂದರು. ತೊಟ್ಟಿ ಖಾಲಿ. ಶ್ರೀಕಂಠಯ್ಯನವರು ಅಡುಗೆಯ ಬಾಷಾ ಸಾಬರ ಮುಖ ನೋಡಿದರು.

"ಅರಿಶಿನ, ಬೆಳ್ಳುಳ್ಳಿ ನೀವೇ ಹಚ್ಚಿಟ್ಟಿದ್ರಿ ಸ್ವಾಮಿ," ಎಂದರು ಬಾಷಾ. "ನಾನು ಉಪ್ಪು ಖಾರ ಹಾಕ್ದೆ, ಅಷ್ಟೇ. ಬೇವು ಯಾಕೆ ಅಂತ ತಿಳೀಲಿಲ್ಲ, ಚೆನ್ನಾಗಿ ತೊಳೆದ್ಬಿಟ್ಟೆ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಬಾಷಾರ ಕೈರುಚಿ ಹೊಗಳಿದರು. ಆಮೇಲೆ ಶ್ರೀಕಂಠಯ್ಯನವರನ್ನು ಗೌರಿಬಿದನೂರಿಗೆ ಹಾಕಿದರು. ಸಾದಲಿ ಕೆರೆಗೆ ಪುಡಿ ಬಿತ್ತು. ನಕ್ಕವರಲ್ಲಿ ನಾನೂ ಒಬ್ಬ, ಏಕೆಂದರೆ ನಗು ಬಂದಿತ್ತು. ಅವರೊಬ್ಬರೇ ಖಾಲಿ ತೊಟ್ಟಿಯ ಪಕ್ಕ ನಿಂತಿದ್ದರು.

ಕೆಲವು ವರ್ಷಗಳ ನಂತರ ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ತುಂಬ ಇಳಿದುಹೋಗಿದ್ದರು. ಊರು, ಮಕ್ಕಳು, ಮಳೆ ಎಲ್ಲ ಮಾತಾಡಿದೆವು. ಬಸ್ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, "ಅವತ್ತು ನೀವು ತಿಂದ್ರಲ್ಲ," ಎಂದರು. "ಚರ್ಮದ ಮೇಲೆ ಹುಣ್ಣಿನ ಗುರುತೇನಾದ್ರೂ ಇತ್ತಾ?"

ನನಗೆ ಚೆನ್ನಾಗಿ ನೆನಪಿತ್ತು. "ಎಲ್ಲೂ ಇರ್ಲಿಲ್ಲ ಸ್ವಾಮಿ. ಚರ್ಮ ನುಣ್ಣಗಿತ್ತು."

ಅವರು ಕಣ್ಣು ಮುಚ್ಚಿ ತೆರೆದರು. "ಹಂಗಾದ್ರೆ ವಾಸಿಯಾಗಿತ್ತು," ಎಂದು ಒಳಗೆ ಹೋಗಿ ಕೂತರು. ಮತ್ತೆ ಅವರನ್ನು ನೋಡಲಿಲ್ಲ. ಈಗಲೂ ತಟ್ಟೆಗೆ ಮೀನು ಬಿದ್ದರೆ, ಬಾಯಿಗಿಡುವ ಮುಂಚೆ ಹೊರಳಿಸಿ ಚರ್ಮ ನೋಡುತ್ತೇನೆ.