ಅವ್ವ ಕಂಡಿದ್ದ ಚಿಂಕಾರ

ಅವಸರ ಮಾಡಬೇಡಿ, ಚಿಂಕಾರ ಬರುತ್ತದೆ. ನಾವೂ ಅರ್ಧ ದಿನ ಕಾದೆವು.

ಅವ್ವನ ತವರು ಬೀಳಗಿ ತಾಲ್ಲೂಕಿನ ಅನಗವಾಡಿ. ಸಣ್ಣವಳಿದ್ದಾಗ ಯಡಹಳ್ಳಿ ಗುಡ್ಡದ ಹತ್ತಿರ ಚಿಂಕಾರ ಅನ್ನೋ ಜಿಂಕೆ ನೋಡಿದ್ದೆ, ಅದರ ಕರಿ ಬಾಲ ಒಂದು ಗಳಿಗೆಯೂ ಸುಮ್ಮನಿರಲಿಲ್ಲ ಎನ್ನುತ್ತಿದ್ದಳು. ಅಪ್ಪ ಮಾತ್ರ ಮದುವೆಯಾದಾಗಿನಿಂದ, ಅವಳು ನೋಡಿದ್ದು ಯಾರದೋ ಆಡು ಎಂದು ಹಾಸ್ಯ ಮಾಡುತ್ತಿದ್ದ. ಬಂದ ಬೀಗರ ಮುಂದೆಲ್ಲ ಅದೇ ನಗೆ. ಅವ್ವನೂ ನಗುತ್ತಿದ್ದಳು, ಆಮೇಲೆ ಒಳಗೆ ಎದ್ದು ಹೋಗುತ್ತಿದ್ದಳು. ಆ ಗುಡ್ಡವನ್ನು ಚಿಂಕಾರಗಳ ಧಾಮ ಮಾಡಿದ್ದಾರೆ ಎಂದು ಮೊಬೈಲಿನಲ್ಲಿ ಓದಿದ ದಿನವೇ ನಾನು ಬೆನ್ನು ಬಿದ್ದೆ.

"ಅಪ್ಪಾ, ಗಾಡಿ ತಗೀ."

ನಮ್ಮೂರು ಹಿಪ್ಪರಗಿಯಿಂದ ಜಮಖಂಡಿ ದಾಟುವವರೆಗೂ ಕಬ್ಬೇ ಕಬ್ಬು. ಆಮೇಲೆ ಹಸಿರು ಕತ್ತರಿಸಿದ ಹಾಗೆ ನಿಂತಿತು. ಕೆಂಪು ಕಲ್ಲು, ಜಾಲಿ, ಒಣ ಹುಲ್ಲು. ನಮ್ಮ ಜಿಲ್ಲೆಯೊಳಗೇ ಮರುಭೂಮಿಯಂಥ ತುಂಡೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ನೀರು ಎಲ್ಲೈತಿ ನೋಡಲೇ. ನೀರಿದ್ದಲ್ಲೇ ಪ್ರಾಣಿ," ಎಂದ ಅಪ್ಪ. ಮನೆ ಹಿಂದೆಯೇ ಬ್ಯಾರೇಜಿನ ನೀರು ನೋಡುತ್ತ ಬೆಳೆದ ನನಗೂ ಸರಿ ಎನಿಸಿತು. ತಗ್ಗಿನಲ್ಲೊಂದು ಸಣ್ಣ ಹೊಂಡ ಸಿಕ್ಕಿತು. ಕಾರನ್ನು ಹಿಂದೆ ಬಿಟ್ಟು, ಹೊಂಡಕ್ಕೆ ಮುಖ ಮಾಡಿ ಕುಂತೆವು. ಒಂದು ಕೊಕ್ಕರೆ ಬಂತು. ಆಮೇಲೆ ಒಂದು ನಾಯಿ. ರೊಟ್ಟಿ, ಶೇಂಗಾ ಚಟ್ನಿ ಮುಗಿದವು.

"ನಿನ್ನ ಆಡು ಇವತ್ತ ಸೂಟಿ ಮ್ಯಾಲ ಐತೇನು?" ಅಪ್ಪ ಅವ್ವನನ್ನು ಕೇಳಿದ.

"ಹೊತ್ತಾತು, ನಡೀರಿ," ಎಂದಷ್ಟೇ ಹೇಳಿ ಅವ್ವ ಬುತ್ತಿ ಕಟ್ಟಿದಳು. ಕಾರಿನ ಕಡೆ ತಿರುಗಿದವಳು ಹಾಗೇ ನಿಂತಳು.

ಕಾರಿನಾಚೆ, ಬಾರಿ ಗಿಡಕ್ಕೆ ಬಾಯಿ ಹಾಕಿ ಚಿಂಕಾರ ನಿಂತಿತ್ತು. ತೆಳ್ಳನೆ ಕಾಲು. ಕರಿ ಬಾಲ ಟಪಟಪ, ಟಪಟಪ. ಎಲೆಯಲ್ಲಿನ ತೇವವೇ ಅದಕ್ಕೆ ಎಷ್ಟೋ ದಿನ ಸಾಕು, ನೀರಿಗೆ ಬರಲೇಬೇಕೆಂದಿಲ್ಲ ಎಂದು ನಾನು ಓದಿದ್ದು ಆಮೇಲೆ. ಆಗ ಉಸಿರು ಬಿಡಲೂ ಹೆದರಿಕೆ.

ಅವ್ವ ಪಿಸುಗುಟ್ಟಿದಳು: "ಹೋಗ್ರಿ, ಹಾಲು ಹಿಂಡಕೊಂಡ ಬರ್ರಿ."

ಅಪ್ಪ, ಅದು ಗುಡ್ಡ ಹತ್ತಿ ಮರೆಯಾದ ಮೇಲೂ ನಿಂತೇ ಇದ್ದ. ವಾಪಸು ಬರುವಾಗ ಜಮಖಂಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಅಂಗಡಿಯವನು ಕೇಳದಿದ್ದರೂ ತಾನೇ ಹೇಳಿದ: "ಚಿಂಕಾರ ನೋಡಕೊಂಡ ಬಂದ್ವಿ. ಇಕಿ ಸಣ್ಣಾಕಿದ್ದಾಗೇ ನೋಡ್ಯಾಳ."

ಅವ್ವ ಚಹಾ ಊದುತ್ತ ರಸ್ತೆ ಕಡೆ ನೋಡುತ್ತಿದ್ದಳು. ಈ ಸಲ ಎದ್ದು ಹೋಗಲಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬರು ಕಂಡದ್ದನ್ನು ಉಳಿದವರು ನಂಬದೇ ನಕ್ಕದ್ದಿದೆಯೇ? ಬರೆದು ಹೇಳಿ. ಅದು ಕೊನೆಗೆ ಎಲ್ಲರ ಕಣ್ಣಿಗೂ ಬಿತ್ತೇ ಎನ್ನುವುದನ್ನೂ.