ಕರಿ ಕಾರಿನ ಬಾಗಿಲಲ್ಲಿ ಕಂಡವಳು

ಶರಣಪ್ಪ, ನಿನ್ನ ಸ್ಟುಡಿಯೋ ಮುಚ್ಚಿಸಿದವನು ನಾನು. ರೈಸ್‌ಮಿಲ್ಲಿನ ಸಾಹುಕಾರನಲ್ಲ, ಅವನ ಮಗನೂ ಅಲ್ಲ — ನಾನು. ಇದನ್ನು ಬರೆಯುವಾಗಲೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಗಂಗಾವತಿಯಲ್ಲಿ ನಮ್ಮಿಬ್ಬರ ಸ್ಟುಡಿಯೋ ಎದುರುಬದುರು. ಹೊಸ ಕಾರು ತಂದವರೆಲ್ಲ ಪೂಜೆ ಮುಗಿಸಿ ನಿನ್ನನ್ನೇ ಕರೆಯುತ್ತಿದ್ದರು. ನೀನು ಬಟ್ಟೆ ಮಣ್ಣಾದರೂ ನೆಲಕ್ಕೆ ಕೂತು, ಸಂಜೆ ಬಿಸಿಲಿಗೆ ಕಾದು, ಕಾರನ್ನು ಗೇಣುಗೇಣು ಸರಿಸಿ ಫೋಟೋ ತೆಗೆಯುತ್ತಿದ್ದೆ. ನಾನು ಮಟಮಟ ಮಧ್ಯಾಹ್ನ ನಿಂತಲ್ಲಿಂದಲೇ ಕ್ಲಿಕ್ಕಿಸಿ ಬರುವವನು. ಅದಕ್ಕೇ ನೀನು ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ, “ಇಂವ ತಗದ್ರ ಹೊಸಾ ಕಾರೂ ಕೆಸರಾಗಿಂದ ಎದ್ದ ಬಂದ ಎಮ್ಮಿ ಕಂಡಂಗ ಕಾಣತೈತಿ” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ — ಹಲ್ಲು ಕಚ್ಚಿಕೊಂಡು.

ಶ್ರೀರಾಮನಗರದ ಸಾಹುಕಾರ ಕರಿ ಕಾರು ತಂದಾಗಲೂ ಹೋದವನು ನೀನೇ. ಆ ಫೋಟೋವನ್ನು ಅವರು ದೊಡ್ಡದು ಮಾಡಿಸಿ ಮಿಲ್ಲಿನ ಆಫೀಸಿನಲ್ಲಿ ಹಾಕಿದರು. ಆಮೇಲೆ ಯಾರೋ ಗಮನಿಸಿದರು. ಕನ್ನಡಿಯಂತೆ ಹೊಳೆಯುವ ಕಾರಿನ ಬಾಗಿಲಲ್ಲಿ ಸಾಹುಕಾರನ ಸೊಸೆ ಇದ್ದಳು. ನಿನ್ನ ಬೆನ್ನ ಹಿಂದಿನ ಕಟ್ಟೆಯ ಮೇಲೆ, ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸುತ್ತ ಕೂತಿದ್ದಳು. ಸೆರಗು ಜಾರಿತ್ತು.

ಸಾಹುಕಾರ ನನ್ನನ್ನು ಕರೆಸಿದ. “ನೀವೂ ಇದ ಕಸುಬಿನವ್ರು. ಖರೇ ಹೇಳ್ರಿ, ಇದು ತಾನಾಗಿ ಬಿದ್ದೈತೋ, ಬೇಕಂತ ತಗದಾನೋ?”

ನನಗೆ ಗೊತ್ತಿತ್ತು. ಕಣ್ಣು ಕಾರಿನ ಮೇಲಿರುವಾಗ ಬಾಗಿಲ ಹೊಳಪಿನಲ್ಲಿ ಮೂಡಿದ್ದು ಕಾಣುವುದಿಲ್ಲ, ಸಣ್ಣ ಪ್ರಿಂಟಿನಲ್ಲೂ ತಿಳಿಯುವುದಿಲ್ಲ. ನನ್ನದೇ ಒಂದು ಫೋಟೋದಲ್ಲಿ ಹೀಗೆ ಯಾರೋ ಬಿದ್ದಿದ್ದರು. ಆದರೂ —

“ತಾನಾಗಿ ಬೀಳಂಗಿಲ್ರಿ. ನೋಡೇ ತಗದಾನ.”

ಇಷ್ಟೇ. ಮದುವೆಮನೆಯಲ್ಲಿ ಹೆಂಗಸರ ನಡುವೆ ಓಡಾಡುವ ಫೋಟೋದವನ ಮೇಲೆ ಅಂಥ ಮಾತು ಬಂದರೆ ಮುಗಿಯಿತು. ಮರಳಿ ಊರಿನವರು ಮೊದಲು ನಿನಗೆ ಹೇಳಿದ್ದ ಮದುವೆಗೂ ನನ್ನನ್ನೇ ಕರೆದರು. ನೀನು ಕುಷ್ಟಗಿಗೆ ಹೋಗಿ ಜೆರಾಕ್ಸ್ ಅಂಗಡಿ ಇಟ್ಟೆ. ನಾನು ನೆಲಕ್ಕೆ ಕೂತು ಕಾರಿನ ಫೋಟೋ ತೆಗೆಯುವುದನ್ನು ಕಲಿತೆ — ಯಾರನ್ನು ನೋಡಿ ಎಂದು ಹೇಳಬೇಕಿಲ್ಲ. ಆ ಸೊಸೆಯನ್ನು ಮನೆಯವರು ಎಷ್ಟು ಕಾಡಿದರೋ, ಅದನ್ನು ವಿಚಾರಿಸುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಹೋದ ತಿಂಗಳು ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಚಹಾ ಕುಡಿಸಿದೆ. “ಅವತ್ತ ನಿನ್ನ ಕರಸಿದ್ರು ಅನ್ನೂದು ಗೊತ್ತೈತಿ. ನೀ ಖರೇನ ಹೇಳಿರ್ತಿ, ಅವ್ರು ಕೇಳಿರಂಗಿಲ್ಲ. ನೀನೊಬ್ಬನರ ನನ್ನ ಕಡೆ ಇದ್ದಿ” ಅಂದೆ.

ನಾನು “ಹೂಂ” ಅಂದೆ.

ಮೊದಲ ಸುಳ್ಳಿಗೆ ಸಿಟ್ಟಾದರೂ ಇತ್ತು. ಈ “ಹೂಂ”ಗೆ ಏನಿತ್ತು? — ನಿನ್ನ ಚಹಾ ಕೈಯಲ್ಲಿತ್ತು.

ನಿನ್ನೆ ಶ್ರೀರಾಮನಗರಕ್ಕೆ ಹೋಗಿ, ಅವತ್ತು ಹೇಳಿದ್ದು ಸುಳ್ಳೆಂದು ಹೇಳಿಬಂದೆ. ಮುದುಕನಾದ ಸಾಹುಕಾರ, “ಈಗ್ಯಾಕ್ರಿ ಅದು” ಎಂದು ಮುಖ ತಿರುಗಿಸಿದ. ಈ ಕಾಗದವನ್ನು ನಾನು ಟಪಾಲಿಗೆ ಹಾಕುವುದಿಲ್ಲ, ಕುಷ್ಟಗಿಗೆ ತಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಅಂಗಡಿಯ ಮುಂದೆಯೇ ನಿಂತಿರುತ್ತೇನೆ.