ಅಮ್ಮಣ್ಣಿಯಕ್ಕನ ಈಡು

ನನ್ನ ಅಕ್ಕ ಅಮ್ಮಣ್ಣಿ ಗಂಡನ ಜೊತೆ ಬೇಟೆಗೆ ಹೋಗುತ್ತಿದ್ದಳು. ಇದನ್ನು ಕೇಳಿದವರು ಮೊದಲು ಹೋ ಎನ್ನುತ್ತಿದ್ದರು, ಆಮೇಲೆ ನಗುತ್ತಿದ್ದರು. ನಾನು ಮದುವೆಯಾಗಿ ಮೂಡುಬಿದಿರೆಗೆ ಬಂದವಳು. ನಮ್ಮ ನೆರೆಕರೆಯವರು ಸಂಜೆ ದೀಪ ಹಚ್ಚುವ ಮೊದಲೇ ಉಂಡು ಮುಗಿಸುವ ಜೈನರು. ಇರುವೆ ಕಂಡರೆ ದಾರಿ ಬಿಡುವವರು. ಅವರ ಮನೆಯ ಹೆಂಗಸರು ಬಾವಿಕಟ್ಟೆಯಲ್ಲಿ ನನ್ನನ್ನು ನಿಲ್ಲಿಸಿ, “ನೀಲಾವತಿ, ನಿಮ್ಮ ಅಕ್ಕ ಕೋವಿ ಹಿಡ್ಕೊಂಡು ಕಾಡಿಗೆ ಹೋಗುವುದಂತೆ, ಹೌದಾ?” ಎಂದು ಕೇಳುವಾಗ ನನಗೆ ಕೊಡಪಾನ ಅಲ್ಲೇ ಬಿಟ್ಟು ಓಡಿಹೋಗಬೇಕು ಅನ್ನಿಸುತ್ತಿತ್ತು.

ಹೌದು, ಹೋಗುತ್ತಿದ್ದಳು. ಅದರಲ್ಲಿ ಅವಳ ತಪ್ಪು ಎಷ್ಟು, ಸಂಕಪ್ಪ ಭಾವನ ತಪ್ಪು ಎಷ್ಟು ಎಂದು ನೀವೇ ಹೇಳಿ.

ಸಂಕಪ್ಪ ಭಾವನಿಗೆ ಬೇಟೆಯ ಹುಚ್ಚು. ಕಣ್ಣು ಮಾತ್ರ ಅಂಗಳದಾಚೆ ಹೋಗುತ್ತಿರಲಿಲ್ಲ. ಗದ್ದೆಯ ಆ ಬದಿಯಲ್ಲಿ ನಿಂತದ್ದು ದನವೋ ಪಟೇಲರೋ ಎಂದು ಅವರಿಗೆ ಹತ್ತಿರ ಹೋಗುವ ತನಕ ಗೊತ್ತಾಗುತ್ತಿರಲಿಲ್ಲ. ಮಂಗಳೂರಿಗೆ ಹೋಗಿ ಕನ್ನಡಕ ಮಾಡಿಸಿ ಎಂದರೆ, “ಕನ್ನಡಕ ಹಾಕಿದ ಬೇಟೆಗಾರನನ್ನು ಕಂಡ್ರೆ ಹಂದಿಯೂ ನಗಾಡ್ತದೆ ಮಾರಾಯ್ತಿ” ಎನ್ನುತ್ತಿದ್ದರು. ಕಣ್ಣು ಹೀಗಾದರೆ ಬಾಯಿ ಇನ್ನೊಂದು ತರ. ಪ್ರಾಣಿ ಬರುವ ಕಂಡಿಯಲ್ಲಿ ಉಸಿರು ಹಿಡಿದು ಕೂರಬೇಕಾದಲ್ಲಿ ಇವರು ನಸ್ಯ ಸೇದಿ ಸೀನುವವರು, ಬೆಳ್ತಂಗಡಿ ಸಂತೆಯ ಸುದ್ದಿ ಹೇಳುವವರು. ಕೋವಿ ತಂದರೆ ಮದ್ದು ಮರೆಯುವವರು, ಮದ್ದು ತಂದರೆ ಅದನ್ನು ಸಿಡಿಸುವ ಕೇಪು ಮರೆಯುವವರು.

ಆದ್ದರಿಂದ ಮದುವೆಯಾದ ವರ್ಷವೇ ಅಕ್ಕ ಮದ್ದಿನ ಕೊಂಬನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಕೋವಿಗೆ ಮದ್ದು ತುಂಬಿ ಗಜದ ಸಲಾಕೆಯಿಂದ ಜಡಿಯುವವಳು ಅವಳು. ಕಂಡಿಯಲ್ಲಿ ಭಾವನ ಬೆನ್ನ ಹಿಂದೆ ಕೂತು, ಅವರ ಹೆಗಲ ಮೇಲೆ ಕೈ ಇಟ್ಟು, ಎಡಕ್ಕೆ ಒತ್ತಿದರೆ ನಳಿಗೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ, ಚಿವುಟಿದರೆ ಗುಂಡಿನ ಈಡು. ಅವಳು ಚಿವುಟಿದಾಗಲೆಲ್ಲ ಹಂದಿ ಬಿತ್ತು. ಮುಂಡಾಜೆಯಿಂದ ಚಾರ್ಮಾಡಿಯ ಬುಡದವರೆಗೆ ಸಂಕಪ್ಪ ಶೆಟ್ಟರ ಗುರಿ ಎಂದರೆ ಗುರಿ ಎಂದು ಹೆಸರಾಯಿತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ. ಭಾವನೂ ಆ ಹೆಸರನ್ನು ನಂಬಿದ್ದರು ಎಂಬುದೇ ನನ್ನ ತಲೆಬಿಸಿ. ಹೆಗಲು ಕಪ್ಪಾಗುವಷ್ಟು ಚಿವುಟಿಸಿಕೊಂಡು ಬಂದು, ಜಗಲಿಯಲ್ಲಿ ಕಾಲು ಚಾಚಿ, ತಾನು ಹೇಗೆ ಗುರಿಯಿಟ್ಟೆ ಎಂದು ಅಕ್ಕನಿಗೇ ವಿವರಿಸುವವರು! ಅವಳು ಹೂಂ ಎಂದು ಕೇಳುತ್ತ ಕೋವಿ ಒರೆಸುವವಳು. ಇಬ್ಬರನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಹೊಳೆಗೆ ಬಿಡಬೇಕು ಅನ್ನಿಸುತ್ತಿತ್ತು ನನಗೆ.

“ಬೈದು ಎಂತ ಮಾಡುವುದು? ಕಾಡಿನಲ್ಲಿ ಇವರು ನನ್ನ ಮಾತು ಕೇಳ್ತಾರೆ. ಮನೆಯಲ್ಲಿ ಕೇಳ್ತಾರಾ?” ಎನ್ನುತ್ತಿದ್ದಳು ಅಕ್ಕ. ಅವಳಿಗೂ ಕಾಡು ಬೇಕಿತ್ತು, ಅದು ನಿಜ. ಬೆಳಿಗ್ಗೆ ಹೊರಟು ಗುಡ್ಡ ಹತ್ತುವಾಗ ಅವಳ ಮುಖ ನೋಡಬೇಕಿತ್ತು, ಮನೆಯಲ್ಲಿ ಆ ಮುಖ ಇರುತ್ತಿರಲಿಲ್ಲ.

ಐವತ್ತೆಂಟರ ಕೆಡ್ಡಸಕ್ಕೆ ನಾನು ಅಕ್ಕ ಭಾವ ಇರುವ ನಮ್ಮ ತವರಿಗೆ ಹೋಗಿದ್ದೆ. ಕೆಡ್ಡಸ ಎಂದರೆ ನಮ್ಮಲ್ಲಿ ಭೂಮಿ ಮುಟ್ಟಾಗುವ ದಿನಗಳು. ಆಗ ನೆಲ ಅಗೆಯಬಾರದು, ಹಸಿ ಮರ ಕಡಿಯಬಾರದು. ಗಂಡಸರು ಊರು ಕೂಡಿ ಬೇಟೆಗೆ ಹೋಗಬೇಕು, ಹೆಂಗಸರು ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ಕಾಯಿ ಸೇರಿಸಿ ನನ್ನೆರಿ ಮಾಡಬೇಕು. ಭೂಮಿಯೂ ಹೆಣ್ಣೇ, ಅವಳಿಗೆ ಆ ದಿನ ವಿಶ್ರಾಂತಿ, ನಮಗೆ ಒರಳು. ಅಕ್ಕ ಒರಳನ್ನು ನನಗೆ ಒಪ್ಪಿಸಿ ಭಾವನ ಹಿಂದೆ ಹೊರಟಳು.

ಊರ ಬೇಟೆಯಲ್ಲಿ ಪಾಲಿಗೊಂದು ಕ್ರಮ ಉಂಟು. ಬಿದ್ದ ಹಂದಿಯನ್ನು ನಮ್ಮ ಕೊಯ್ದ ಗದ್ದೆಗೆ ತಂದು, ಪಾಲು ಮಾಡಿ, ಅಗಲದ ಉಪ್ಪಳಿಗೆ ಎಲೆಗಳ ಮೇಲೆ ಸಾಲಾಗಿ ಇಡುತ್ತಾರೆ. ಬೇಟೆಯ ಯಜಮಾನಿಕೆ ಧರ್ಣಪ್ಪ ಗೌಡರದ್ದು. ಅವರು ಒಂದೊಂದೇ ಹೆಸರು ಕರೆಯುತ್ತಾರೆ. ಮೊದಲು ಈಡು ಹೊಡೆದವನ ಪಾಲು. ತಲೆ ಮತ್ತು ಹಿಂದಿನ ತೊಡೆ ಅವನದ್ದು. ಆಮೇಲೆ ಕೋವಿಯ ಪಾಲು, ಹಂದಿ ಹಿಡಿದ ನಾಯಿಯ ಪಾಲು, ಕಾಡು ಸೋವಿ ಪ್ರಾಣಿ ಎಬ್ಬಿಸಿದವರ ಪಾಲು. ಈಡಿನವನು ತನ್ನದನ್ನು ಎತ್ತುವ ತನಕ ಉಳಿದವರು ಯಾರೂ ತಮ್ಮದನ್ನು ಮುಟ್ಟುವ ಹಾಗಿಲ್ಲ.

ಆ ದಿನ ಕಂಡಿಯಲ್ಲಿ ಭಾವನ ಕಾಲಿಗೆ ಮುಳ್ಳು ಹೊಕ್ಕಿತು. ಇವರು ಬಂಡೆಯ ಹಿಂದೆ ಕೂತು ಅಯ್ಯೋ ಅಮ್ಮಾ ಎಂದು ಮುಳ್ಳು ತೆಗೆಯುತ್ತಿರುವಾಗ ಹಂದಿ ಬಂತು. ಹೆಗಲು ಇಲ್ಲ, ಚಿವುಟಲು ಗಂಡ ಇಲ್ಲ. ಅಕ್ಕ ತಾನೇ ಕೋವಿ ಎತ್ತಿ ಹೊಡೆದಳು. ಒಂದೇ ಈಡು. ಸೋವುವವರು ಓಡಿ ಬರುವಷ್ಟರಲ್ಲಿ ಭಾವ ಕುಂಟುತ್ತ ಬಂದು ಹಂದಿಯ ಪಕ್ಕ ನಿಂತಾಗಿತ್ತು.

“ಯಾರ ಈಡು?” ಎಂದು ಕೇಳಿದರು ಧರ್ಣಪ್ಪ ಗೌಡರು.

ಅಕ್ಕ ಭಾವನ ಮುಖ ನೋಡಿದಳು. ಅವರು ಹೇಳಲಿ ಎಂದು ಕಾದಳು. ಹತ್ತು ಗಂಡಸರ ಮುಂದೆ ಗಂಡನನ್ನು ಬದಿಗೆ ಸರಿಸಿ ನಾನು ಹೊಡೆದೆ ಎನ್ನುವುದು ಅವಳಿಂದ ಆಗಲಿಲ್ಲ. ಭಾವ ಮೀಸೆ ಒರೆಸಿ, “ನಮ್ಮದೇ ಗೌಡ್ರೇ” ಎಂದರು.

ನಮ್ಮದೇ! ಅದೆಂಥ ಮಾತು ನೋಡಿ. ಸುಳ್ಳಲ್ಲ, ಸತ್ಯವಂತೂ ಮೊದಲೇ ಅಲ್ಲ.

ಗದ್ದೆಯಲ್ಲಿ ಗೌಡರು, “ಸಂಕಪ್ಪ ಶೆಟ್ರ ಈಡು!” ಎಂದು ಕರೆದರು. ನಾನು ನನ್ನೆರಿಯ ತಟ್ಟೆ ಹಿಡಿದು ಗದ್ದೆಯಂಚಿನ ಕಟ್ಟಹುಣಿಯ ಮೇಲೆ ನಿಂತಿದ್ದೆ. ಭಾವ ಎದ್ದು ಹೋಗಿ ತಲೆಯನ್ನೂ ತೊಡೆಯನ್ನೂ ಎತ್ತಿಕೊಂಡು ಬಂದರು. ಅವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಹೆಸರು ಕರೆದರೆ ಕಾಲು ತಾನಾಗಿ ಏಳುತ್ತಿತ್ತು. ಆಮೇಲೆ ಕೋವಿಯ ಪಾಲು ಬಂತು, ಅದೂ ನಮ್ಮದೇ ಮನೆಗೆ. ಹೆಣ್ಣಿನ ಕಡೆಗೆ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆ, ನಮ್ಮ ಸೋದರಮಾವನಿಂದ ಅಕ್ಕನಿಗೆ ಬಂದ ಕೋವಿ. ಅದನ್ನೂ ಹೋಗಿ ಎತ್ತಿದವರು ಭಾವನೇ. ಆಮೇಲೆ ಗೌಡರು, “ಬೊಗ್ಗನ ಪಾಲು!” ಎಂದರು. ಬೊಗ್ಗ ಎಂದರೆ ಕಾಡು ಸೋವುವ ನೋಣಯ್ಯನ ನಾಯಿ.

ಅಕ್ಕ ಆ ಸಂಜೆ ಮಾಂಸ ಬೇಯಿಸಲಿಲ್ಲ. ಬೇಯಿಸಿದ್ದು ನಾನು, ಮತ್ಯಾರು? ಊರಿಡೀ ಅದನ್ನು ತಿಂದಿತು. ಅವಳು ಗಂಜಿ ಕುಡಿದು, ಮದ್ದಿನ ಕೊಂಬನ್ನು ತಂದು ಭಾವನ ಎದುರು ಇಟ್ಟಳು. “ಇನ್ನು ನೀವೇ ಹೋಗಿ” ಎಂದಳು.

“ಎಂತಕ್ಕೆ ಕೋಪ ಮಾರಾಯ್ತಿ? ತಲೆಯೂ ತೊಡೆಯೂ ನಮ್ಮ ಮನೆಗೇ ಬಂತಲ್ಲ!”

“ಹೌದು. ಬಂತು” ಎಂದಳು ಅಕ್ಕ.

ಭಾವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ವರ್ಷ ಅವಳು ಗುಡ್ಡ ಹತ್ತಲಿಲ್ಲ. ಭಾವ ಹೋದರು. ಒಮ್ಮೆ ಹುತ್ತಕ್ಕೆ ಹೊಡೆದರು, ಒಮ್ಮೆ ಹಲಸಿನ ಕಾಯಿಗೆ. ಇನ್ನೊಮ್ಮೆ ಸೋವುತ್ತಿದ್ದ ನೋಣಯ್ಯನ ಮುಂಡಾಸು ಹಾರಿಹೋಯಿತು. ಅವನ ತಲೆ ಉಳಿದದ್ದು ದೈವದ ದಯೆ. ಹಂದಿಗಳು ಗೆಣಸಿನ ಗದ್ದೆಗೆ ಬಂದು ನೆಂಟರ ಹಾಗೆ ಉಂಡು ಹೋದವು. ಮನೆಯಲ್ಲಿ ಅಕ್ಕ ಜಗಲಿಯಲ್ಲಿ ಕೂತು ಗುಡ್ಡದ ಕಡೆ ನೋಡುತ್ತಿದ್ದಳು. ಹೋಗು ಎಂದರೆ ಹೋಗುವುದಿಲ್ಲ, ಬಿಡು ಎಂದರೆ ಬಿಡುವುದಿಲ್ಲ. ನಾನು ಬಸ್ಸು ಹತ್ತಿ ಬಂದಾಗಲೆಲ್ಲ ಇದೇ ಮುಖ. ಒಬ್ಬಳ ಹಟವನ್ನು ಒಬ್ಬನ ಪೆದ್ದುತನಕ್ಕೆ ಜೋಡಿ ಮಾಡಿಟ್ಟವರು ನಮ್ಮ ಹಿರಿಯರು.

ಮರುವರ್ಷದ ಕೆಡ್ಡಸಕ್ಕೆ ಮೊದಲು ಧರ್ಣಪ್ಪ ಗೌಡರೇ ಮನೆಗೆ ಬಂದರು. ಬೆಲ್ಲ ನೀರು ಕುಡಿದು, ಎಲೆಯಡಿಕೆ ಹಾಕಿ, “ಅಮ್ಮಣ್ಣಿಯಕ್ಕ, ಈ ಸಲ ನೀವು ಬರಬೇಕು. ನೀವಿಲ್ಲದೆ ಶೆಟ್ರಿಗೆ ಕೈ ಕೂಡುವುದಿಲ್ಲ” ಎಂದರು.

“ಕೋವಿಗೆ ಪಾಲುಂಟು ಗೌಡ್ರೇ” ಎಂದಳು ಅಕ್ಕ. “ನಾಯಿಗೆ ಪಾಲುಂಟು. ನಾಯಿಯದ್ದು ಹೆಸರು ಹಿಡಿದು ಕರೀತೀರಿ. ನನ್ನ ಹೆಸರು ಕರೀಲಿಕ್ಕೆ ನಿಮ್ಮ ಬಾಯಿಗೆ ಎಂತ ಆಗಿದೆ?”

ಗೌಡರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಹೆಂಗಸಿನ ಹೆಸರು ಕರೆದ ಕ್ರಮ ಇಲ್ಲ ಎಂದರು. ಹೆಂಗಸು ಹೊಡೆದ ಕ್ರಮವೂ ಇಲ್ಲ, ಆದರೂ ಹೊಡೆದಿದ್ದೇನೆ ಎಂದಳು ಅಕ್ಕ. ಭಾವ ಕಂಬಕ್ಕೆ ಒರಗಿ ನಸ್ಯದ ಡಬ್ಬಿ ಹುಡುಕುತ್ತಿದ್ದರು, ಅದು ಅವರ ಕೈಯಲ್ಲೇ ಇತ್ತು. ಕೊನೆಗೆ ಗೌಡರು, “ಆಯ್ತು, ಈ ಸಲ ಕರೀತೇನೆ. ಬನ್ನಿ” ಎಂದು ಎದ್ದರು.

ಅಕ್ಕ ಹೋದಳು. ಹಂದಿಯೂ ಬಿತ್ತು. ಆದರೆ ಹೇಗೆ ಬಿತ್ತು ಎಂದು ಕೇಳಬೇಡಿ, ನನಗೆ ಈಗಲೂ ಮೈ ಉರಿಯುತ್ತದೆ. ಅಕ್ಕ ಕೋವಿಯನ್ನು ಒಂದು ಗಳಿಗೆ ಭಾವನ ಕೈಗೆ ಕೊಟ್ಟು ನೀರು ಕುಡಿಯಲು ತೋಡಿಗೆ ಇಳಿದಿದ್ದಳು. ಅಷ್ಟರಲ್ಲಿ ಹಂದಿ ನೇರ ಭಾವನ ಕಾಲಬುಡಕ್ಕೇ ಬಂತು. ಕಣ್ಣಿಲ್ಲದವನಿಗೂ ತಪ್ಪದಷ್ಟು ಹತ್ತಿರ. ಇವರು ಕಣ್ಣು ಮುಚ್ಚಿಯೇ ಹೊಡೆದರಂತೆ. ಹೆಗಲ ಮೇಲೆ ಕೈಯಿಲ್ಲದೆ ಅವರು ಹೊಡೆದ ಮೊದಲ ಹಂದಿ ಅದು. ಅದಕ್ಕೆ ಬೇರೆ ದಿನ ಸಿಕ್ಕಲಿಲ್ಲವೇ!

ಗದ್ದೆಯಲ್ಲಿ ಎಲೆಗಳ ಸಾಲು ಬಿತ್ತು. ಆ ಕೆಡ್ಡಸಕ್ಕೂ ತವರಿಗೆ ಬಂದಿದ್ದ ನಾನು ನನ್ನೆರಿಯ ತಟ್ಟೆ ಹಿಡಿದು ಅಕ್ಕನ ಹಿಂದೆ ನಿಂತಿದ್ದೆ. ಗೌಡರು ಈ ಸಲ ಯಾರ ಈಡು ಎಂದು ಯಾರನ್ನೂ ಕೇಳಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ ಎಂಬ ಹಾಗೆ ಎದೆ ಉಬ್ಬಿಸಿ, ಗುಡ್ಡಕ್ಕೆ ಕೇಳುವಂತೆ ಕರೆದರು: “ಅಮ್ಮಣ್ಣಿಯಕ್ಕನ ಈಡು!”

ಅಕ್ಕ ಏಳಲಿಲ್ಲ.

ಗೌಡರು ಇನ್ನೊಮ್ಮೆ ಕರೆದರು. ನಾನು ಹಿಂದಿನಿಂದ ಅವಳ ಬೆನ್ನಿಗೆ ತಿವಿದೆ. ಒಂದು ವರ್ಷ ಇದಕ್ಕಾಗಿ ಗಂಜಿ ಕುಡಿದವಳು, ಈಗ ಎದ್ದರೆ ಆಯಿತಲ್ಲ!

“ಅದು ಇವರ ಈಡು” ಎಂದಳು ಅಕ್ಕ. “ನನ್ನದಲ್ಲ.”

“ಇದೊಳ್ಳೆ ಕತೆ!” ಗೌಡರು ತಲೆಗೆ ಕೈ ಹಚ್ಚಿದರು. “ಕರೀಲಿಲ್ಲ ಅಂತ ವರ್ಷವಿಡೀ ಮುಖ ಊದಿಸಿದ್ರಿ. ಈಗ ಕರೆದ್ರೆ ಬೇಡ ಅಂತೀರಿ. ಯಾರದ್ದಾದರೆಂತ, ಎತ್ತಿಕೊಳ್ಳಿ ಅಕ್ಕ. ಉಳಿದವರಿಗೆ ಹಸಿವಾಗ್ತದೆ.”

“ನನ್ನದನ್ನು ಹೋದ ಕೆಡ್ಡಸಕ್ಕೆ ನೀವೆಲ್ಲ ತಿಂದಾಯ್ತು. ಇನ್ನೊಬ್ಬರದ್ದನ್ನು ಎತ್ತಿ ನನಗೆ ಅಭ್ಯಾಸ ಇಲ್ಲ.”

ಮಾಂಸಕ್ಕೆ ನೊಣ ಕೂರಲು ಸುರುವಾಯಿತು. ನಾಯಿಗಳು ಕುಂಯಿಗುಟ್ಟಿದವು. ನಾನು ಭಾವನ ಕಡೆ ನೋಡಿದೆ. ಅವರ ಮುಖ ಕೆಂಪಾಗಿತ್ತು, ಕೈ ಹೆಗಲನ್ನು ತಡವುತ್ತಿತ್ತು. ಅವರು ಎದ್ದು ನಿಂತರು. ಮತ್ತೆ ಏನಾದರೂ ಜಂಬದ ಮಾತಾಡಿದರೆ ನನ್ನೆರಿಯ ತಟ್ಟೆಯನ್ನು ಅವರ ಮೇಲೆಸೆಯುವುದೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ.

“ಗೌಡ್ರೇ, ಹೋದ ವರ್ಷದ ಈಡು ಇವಳದ್ದು” ಎಂದರು ಭಾವ. “ನಾನು ಬಂಡೆಯ ಹಿಂದೆ ಮುಳ್ಳು ತೆಗೀತಿದ್ದೆ. ಎತ್ತಿದ್ದು ಮಾತ್ರ ನಾನು.” ಹೆಗಲಿನಿಂದ ಕೈ ತೆಗೆದು, “ಅದಕ್ಕೆ ಮೊದಲಿನದ್ದೂ ನನ್ನದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ” ಎಂದರು.

“ಇದನ್ನು ಹೇಳ್ಲಿಕ್ಕೆ ಒಂದು ವರ್ಷ ಬೇಕಾಯ್ತಾ ನಿಮಗೆ?” ಎಂದಳು ಅಕ್ಕ. ಬೈದ ಹಾಗೆಯೇ ಹೇಳಿದಳು.

ಧರ್ಣಪ್ಪ ಗೌಡರು ಗಿಡದಿಂದ ಒಂದು ಉಪ್ಪಳಿಗೆ ಎಲೆ ಕಿತ್ತು, ಸಾಲಿನ ತಲೆಯಲ್ಲಿ, ಎಲ್ಲ ಪಾಲಿಗಿಂತ ಮೊದಲು, ಬರಿದಾಗಿಯೇ ಇಟ್ಟರು. “ಹೋದ ಕೆಡ್ಡಸದ ಪಾಲು” ಎಂದು ಕೂಗಿದರು, “ಅಮ್ಮಣ್ಣಿಯಕ್ಕನ ಈಡು!”

ಅಕ್ಕ ಸೆರಗು ಸರಿ ಮಾಡಿಕೊಂಡು ಎದ್ದಳು. ಗದ್ದೆಯ ನಡುವೆ ನಡೆದು ಹೋಗಿ, ಬಗ್ಗಿ, ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಅದರಲ್ಲಿ ಏನೂ ಇರಲಿಲ್ಲ. ಅವಳು ತನ್ನ ಜಾಗಕ್ಕೆ ಬಂದು ಕೂರುವ ತನಕ ಭಾವನೂ ಸೇರಿ ಒಬ್ಬನೂ ತನ್ನ ಪಾಲನ್ನು ಮುಟ್ಟಲಿಲ್ಲ.